ಮುಂದಿನ ಓಣಿ, ಹಿಂದಿನ ಓಣಿ

ಒಂದು ಲೋಟ ನೀರನ್ನು ಹತ್ತು ಹೆಜ್ಜೆ ಒಯ್ದು ಮೇಜಿನ ಮೇಲೆ ಇಡುವುದು ದೊಡ್ಡ ಕೆಲಸವೇನಲ್ಲ. ಹನ್ನೆರಡು ವರ್ಷ ನಾನು ಮಾಡಿದ್ದು ಅದನ್ನೇ. ಆದರೆ ಒಂದು ದಿನ ಬೆಳಿಗ್ಗೆ ಹಾಗೆ ಒಯ್ಯುವಾಗ ಅರ್ಧ ಲೋಟ ನೀರು ಫೈಲಿನ ಮೇಲೆ ಚೆಲ್ಲಿತು. ಕೈ ಜಾರಿತು ಎಂದು ಕಚೇರಿಯಲ್ಲಿ ಹೇಳಿದೆ. ಖರೇ ಹೇಳಬೇಕೆಂದರೆ ಕೈ ಜಾರಲಿಲ್ಲ, ನಾನೇ ಚೆಲ್ಲಿದೆ. ಯಾಕೆಂದರೆ ಆ ಮೇಜಿನ ಹಿಂದೆ ಹೊಸ ಕಾರಕೂನನಾಗಿ ಕುಳಿತಿದ್ದವನು, ಹಿಂದಿನ ವಾರದವರೆಗೆ ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತಿದ್ದ ನನ್ನ ದೋಸ್ತ.

ನಾವಿಬ್ಬರೂ ಬಸವಕಲ್ಯಾಣದ ಒಂದು ಸರಕಾರಿ ಕಚೇರಿಯಲ್ಲಿ ಚಪರಾಸಿಗಳು. ಚಪರಾಸಿಗೆ ಜವಾನ, ಕಾರಕೂನನಿಗೆ ಗುಮಾಸ್ತ ಎನ್ನುವ ಮಾತುಗಳು ಆಮೇಲೆ ಬಂದವು. ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿ ಏಳೆಂಟು ವರ್ಷವಾಗಿದ್ದರೂ ಕಚೇರಿಯ ಬಾಯಲ್ಲಿ ಇನ್ನೂ ನಿಜಾಮರ ಕಾಲದ ಮಾತುಗಳೇ ಇದ್ದವು. ಅವನು ದುಬಲಗುಂಡಿಯವನು, ನಾನು ಮೋರಖಂಡಿಯವನು. ಇಬ್ಬರ ಅಪ್ಪಂದಿರೂ ಬೇರೆಯವರ ಹೊಲದಲ್ಲಿ ದುಡಿದವರು. ಇಬ್ಬರೂ ಎಂಟನೇ ಇಯತ್ತೆಗೆ ಶಾಲೆ ಬಿಟ್ಟವರು. ಒಂದೇ ಓಣಿಯಲ್ಲಿ ಬಾಡಿಗೆ ಮನೆ, ಸಾಹೇಬರ ಕೋಣೆಯ ಬಾಗಿಲ ಪಕ್ಕ ಒಂದೇ ಬೆಂಚು. ಸಾಹೇಬರ ಮೇಜಿನ ಮೇಲೊಂದು ಹಿತ್ತಾಳೆ ಗಂಟೆ. ಅದು ಟಿಣ್ ಎಂದರೆ ಒಬ್ಬ ಏಳಬೇಕು. ಸರದಿ ಮಾಡಿಕೊಂಡಿದ್ದೆವು, ಒಂದು ಸಲದ ಗಂಟೆ ಅವನದು, ಮುಂದಿನ ಸಲದ್ದು ನನ್ನದು. ಮಧ್ಯಾಹ್ನ ಅವನ ರೊಟ್ಟಿ ನನ್ನ ಪಲ್ಯ ಒಟ್ಟಿಗೆ ಕೂಡುತ್ತಿದ್ದವು.

ಮೆಟ್ರಿಕ್ ಪಾಸಾದ ಚಪರಾಸಿಗೆ ಕಾರಕೂನನ ಬಡ್ತಿ ಸಿಗುತ್ತದೆ ಎಂಬ ಸುದ್ದಿ ಬಂದಾಗ ಫಾರ್ಮ್ ತುಂಬಿದ್ದೂ ಒಟ್ಟಿಗೇ. ಶಾಲೆಗೆ ಹೋಗದೆ ಹೊರಗಿನಿಂದ ಪರೀಕ್ಷೆ ಕಟ್ಟಬಹುದಿತ್ತು. ಕೇಂದ್ರ ಹುಮನಾಬಾದ. ಒಂಬತ್ತು ತಿಂಗಳು ಒಂದೇ ಪುಸ್ತಕ ಹಂಚಿಕೊಂಡು ಓದಿದೆವು. ಇತಿಹಾಸ ನನಗೆ ಬೇಗ ಬಾಯಿಪಾಠವಾಗುತ್ತಿತ್ತು, ಅವನಿಗೆ ನಾನೇ ಹೇಳಿಕೊಡುತ್ತಿದ್ದೆ. ಈ ಮಾತನ್ನು ಇಲ್ಲಿ ಬರೆಯಬೇಕಾದ್ದಿಲ್ಲ, ಆದರೆ ಬರೆಯದೆ ಬಿಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಬಸ್ಸು ಒಂದೇ. ಅವನು ಮೊದಲು ಹೋಗಿ ಜಾಗ ಹಿಡಿಯುತ್ತೇನೆ ಎಂದು ಹೊರಟ. ನಾನು ಸ್ವಲ್ಪ ಹಿಂದೆ ಹೊರಟೆ. ಓಣಿಯ ಬಾಯಿಯಲ್ಲಿ ಒಂದು ಕಟ್ಟೆ, ಕಟ್ಟೆಯ ಮೇಲೆ ಆಯಿ.

ಈ ಆಯಿ ಯಾರ ಮನೆಯ ಅಜ್ಜಿಯಾದರೂ ಓಣಿಗೆಲ್ಲ ಆಯಿಯೇ. ಕಣ್ಣು ಮಂಜಾಗಿದ್ದವು. ಬೆಳಗಾದರೆ ಕಟ್ಟೆಗೆ ಬಂದು ಕೂತು ಹುಣಸೆಬೀಜ ಬಿಡಿಸುತ್ತ, ಹೆಜ್ಜೆ ಸಪ್ಪಳ ಕೇಳಿದರೆ ಸಾಕು, “ಎಲ್ಲಿಗಪಾ?” ಎನ್ನುತ್ತಿದ್ದಳು. ಎಮ್ಮೆ ಹೋದರೂ ಕೇಳುತ್ತಿದ್ದಳು. ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ತಿಳಿದವರು “ದೂರ ಹೊಂಟೀರೇನ್ರಿ?” ಎಂದು ಸುತ್ತಿ ಕೇಳುತ್ತಾರೆ. ತಪ್ಪಿ ಯಾರಾದರೂ ನೇರ ಕೇಳಿಬಿಟ್ಟರೆ ಮನೆಗೆ ತಿರುಗಿ ಬಂದು, ಒಂದು ಗಳಿಗೆ ಕೂತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ಆಯಿಗೆ ಇದನ್ನು ಎಷ್ಟು ಸಲ ಹೇಳಿದರೂ ಬಾಯಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಕನ್ಯೆ ನೋಡಲು ಹೋಗುವವರು, ಕೋರ್ಟಿಗೆ ಹೋಗುವವರು, ದವಾಖಾನೆಗೆ ಹೋಗುವವರು ತಿಪ್ಪೆಗಳ ಪಕ್ಕದ ಹಿಂದಿನ ಓಣಿ ಹಿಡಿದು ಹೋಗುತ್ತಿದ್ದರು. ಹೆಚ್ಚೆಂದರೆ ನಲವತ್ತು ಹೆಜ್ಜೆ ಸುತ್ತು.

ನಾನು ಮುಂದಿನ ಓಣಿಯಿಂದ ಹೋದೆ. ಆಯಿ ಕೇಳಿದಳು.

ತಿರುಗಿ ಬಂದೆ. ಜಗಲಿಯ ಮೇಲೆ ಕೂತೆ. ಪದ್ಧತಿ ಒಂದು ಗುಟುಕು ನೀರು, ನಾನು ಕುಡಿದದ್ದು ಒಂದು ಚರಗಿ. ಬೆಲ್ಲ ಕೇಳಿದೆ. ಬೆಲ್ಲ ಬಾಯಲ್ಲಿ ಕರಗಲಿ ಎಂದು ಕಾದೆ. ಇನ್ನೊಂದು ಚರಗಿ ನೀರು ಕೇಳಿದೆ. ಹೊರಟಾಗ ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿದಿತ್ತು. ಬಸ್‌ ಸ್ಟ್ಯಾಂಡಿಗೆ ಹೋದರೆ ಅಲ್ಲಿ ಬಸ್ಸೂ ಇರಲಿಲ್ಲ, ದೋಸ್ತನೂ ಇರಲಿಲ್ಲ. ಮನೆಗೆ ಬಂದು ಹೆಂಡತಿಗೆ, “ಆಯಿ ಕೇಳಿಬಿಟ್ಟಳು” ಎಂದೆ. ಅವಳು ಆಯಿಯ ಮನೆಗೆ ಹೋಗಿ ಓಣಿಗೆಲ್ಲ ಕೇಳುವಂತೆ ಜಗಳ ಮಾಡಿ ಬಂದಳು. ಆ ಜಗಳ ಕೇಳುತ್ತ ಒಳಗೆ ಕುಳಿತಿದ್ದ ನನಗೆ ದುಃಖವಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಹಾಯೆನಿಸಿತ್ತು.

ನನ್ನ ಅಪ್ಪನಿಗೂ ಇಂಥದ್ದೊಂದು ಕಥೆಯಿತ್ತು. ಅವನು ಹರೆಯದಲ್ಲಿ ಯಾರೋ ದೊಡ್ಡವರ ತೋಟದ ಕಾವಲಿನ ಕೆಲಸ ಕೇಳಲು ಮೋರಖಂಡಿಯಿಂದ ಹೊರಟಿದ್ದನಂತೆ. ಊರ ಬಾಗಿಲಲ್ಲಿ ಒಬ್ಬ ಎಲ್ಲಿಗೆ ಎಂದು ಕೇಳಿದ. ಅಪ್ಪ ತಿರುಗಿ ಬಂದ. ಕೆಲಸ ಬೇರೆಯವನಿಗೆ ಹೋಯಿತು. ಸಾಯುವವರೆಗೂ ಅಪ್ಪ ಇದನ್ನು ಹೇಳಿದ್ದೇ ಹೇಳಿದ್ದು: “ಅವ ಒಬ್ಬ ಕೇಳದಿದ್ರ ನಾ ಇವತ್ತ ಎಲ್ಲಿರ್ತಿದ್ನೋ!” ಹೇಳುವಾಗ ಅವನ ಮುಖದಲ್ಲಿ ಬೇಸರ ಇರುತ್ತಿರಲಿಲ್ಲ. ಉಂಡವನ ಮುಖದ ಹಾಗಿರುತ್ತಿತ್ತು. ನಮ್ಮ ಮನೆತನಕ್ಕೆ ಬರಹ, ಕುರ್ಚಿ ಯಾವುದೂ ಕೂಡಿಬರುವುದಿಲ್ಲ ಎಂಬ ಮಾತನ್ನು ನಾನು ಅನ್ನದ ಜೊತೆಗೇ ಉಂಡು ಬೆಳೆದವನು.

ದೋಸ್ತ ಪಾಸಾದ. ಸುದ್ದಿ ಬಂದ ದಿನ ಅವನನ್ನು ತಬ್ಬಿಕೊಂಡು ಪೇಢೆ ತಿಂದೆ. ಕೆಲವು ತಿಂಗಳಲ್ಲಿ ಅವನು ಬೆಂಚಿನಿಂದ ಎದ್ದು ಒಳಗಿನ ಕುರ್ಚಿಗೆ ಹೋದ. ಬೆಂಚು ನನ್ನೊಬ್ಬನದೇ ಆಯಿತು, ಗಂಟೆಯೂ ನನ್ನೊಬ್ಬನದೇ.

ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ಆಗ ಗೊತ್ತಾಯಿತು. ಅವನ ಅಂಗಿಯ ಜೇಬಿನಲ್ಲಿ ಪೆನ್ನು ಬಂತು, ನಾನು ಆ ಪೆನ್ನನ್ನು ನೋಡುತ್ತಿದ್ದೆ. ಅವನ ಹೆಂಡತಿ ಕುರ್ಚಿಗೆ ಹಾಕಿಕೊಳ್ಳಲು ಒಂದು ದಿಂಬು ಹೊಲಿದು ಕೊಟ್ಟಳು, ನಾನು ಆ ದಿಂಬನ್ನು ನೋಡುತ್ತಿದ್ದೆ. ಹಳ್ಳಿಯಿಂದ ಬಂದವರು ಅವನಿಗೆ “ಸಾಹೇಬ್ರ” ಎಂದು ಕೈಮುಗಿದರೆ ನನ್ನ ಕಿವಿ ಬಿಸಿಯಾಗುತ್ತಿತ್ತು. ಅವನು ನನ್ನನ್ನು ಮೊದಲಿನಂತೆ “ದೋಸ್ತ” ಎಂದೇ ಕರೆಯುತ್ತಿದ್ದ. ಅದನ್ನೂ ಸಹಿಸಲಾಗುತ್ತಿರಲಿಲ್ಲ. ಸೊಕ್ಕು ತೋರಿಸಿದ್ದರೆ ಬೈಯಬಹುದಿತ್ತು. ಸೊಕ್ಕಿಲ್ಲದವನ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ, ಎಲ್ಲ ನಾವೇ ಮಾಡಿಕೊಳ್ಳಬೇಕು.

ನಾನೂ ಬಿಡಲಿಲ್ಲ. ಅವನಿಗೆ ನೀರು ಕೊಡುವುದಾದರೆ ಬಿಸಿಲಿಗಿಟ್ಟ ಕೊಡದಿಂದ ಕೊಡುತ್ತಿದ್ದೆ. ಚಹಾ ತಂದರೆ ಮೊದಲು ಬೇರೆ ಎಲ್ಲರಿಗೂ ಕೊಟ್ಟು, ಆರಿದ ಮೇಲೆ ಅವನಿಗೆ. ಅವನಿಗೆ ಬೇಕಾದ ಹಳೆಯ ಫೈಲು ಕಪಾಟಿನ ಮೇಲಿನ ಸಾಲಿನಲ್ಲೇ ಇದ್ದರೂ ಮಧ್ಯಾಹ್ನದವರೆಗೆ ಹುಡುಕುತ್ತಿದ್ದೆ. ಅವನು ಒಂದು ಸಲವೂ ಸಾಹೇಬರಿಗೆ ಹೇಳಲಿಲ್ಲ. ಆರಿದ ಚಹಾ ಕುಡಿದು “ಬೇಶ್ ಅದ” ಎನ್ನುತ್ತಿದ್ದ. ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದೆ, “ಅವನ ನಸೀಬ ನೆಟ್ಟಗಿತ್ತು, ಆಯಿ ಅವನನ್ನ ಕೇಳಲಿಲ್ಲ. ಅಷ್ಟೇ ಫರಕು.”

ಪ್ರತಿ ವರ್ಷ ಪರೀಕ್ಷೆಯ ಫಾರ್ಮನ್ನು ಅವನೇ ತಂದು ಕೊಡುತ್ತಿದ್ದ. ನನ್ನನ್ನು ಅಣಕಿಸುತ್ತಿದ್ದಾನೆ ಎಂದುಕೊಂಡೇ ತುಂಬುತ್ತಿದ್ದೆ. ಓದುತ್ತಿದ್ದೆ, ಚೆನ್ನಾಗಿಯೇ ಓದುತ್ತಿದ್ದೆ. ಆ ದಿನ ಬರುತ್ತಿತ್ತು. ನಾನು ಮುಂದಿನ ಓಣಿಯಿಂದ ಹೋಗುತ್ತಿದ್ದೆ. ಆಯಿ ಕೇಳುತ್ತಿದ್ದಳು. ನಾನು ತಿರುಗಿ ಬಂದು ಚರಗಿ ಹಿಡಿಯುತ್ತಿದ್ದೆ. ಎರಡನೇ ವರ್ಷ ಹೆಂಡತಿ ಅತ್ತಳು. ಮೂರನೇ ವರ್ಷ ಮಾತೇ ಆಡದೆ ನೀರು ತಂದಿಟ್ಟು ಒಳಗೆ ಹೋದಳು. ನಾಲ್ಕನೇ ವರ್ಷ ಹಿಂದಿನ ದಿನವೇ ಕೇಳಿದಳು: “ಹಿಂದಿನ ಓಣಿ ಅದಲ್ರಿ. ಅದರಾಗ ಹಾದು ಹೋಗ್ಲಿಕ್ಕ ಏನಾಗ್ತದ ನಿಮಗ?”

“ಅಲ್ಲಿ ಕೆಸರದ” ಎಂದೆ.

“ಮಾರ್ಚ್ ತಿಂಗಳಾಗ?”

ನಾನು ಸಿಟ್ಟಿನಿಂದ ಎದ್ದು ಹೋದೆ. ಮರುದಿನ ಮುಂದಿನ ಓಣಿಯಿಂದಲೇ ಹೋದೆ.

ಐದನೇ ವರ್ಷದ ಪರೀಕ್ಷೆಯೂ ಹಾಗೆಯೇ ಕೈತಪ್ಪಿದ ಮೇಲೆ, ಒಂದು ಸಂಜೆ ದೋಸ್ತ ನನ್ನನ್ನು ಚಹಾದ ಅಂಗಡಿಗೆ ಕರೆದುಕೊಂಡು ಹೋದ. ಬಡ್ತಿಯ ಪಟ್ಟಿ ಇನ್ನೊಂದೇ ವರ್ಷ ತೆರೆದಿರುತ್ತದೆ, ಆಮೇಲೆ ಚಪರಾಸಿಗಳನ್ನು ತೆಗೆದುಕೊಳ್ಳುವುದಿಲ್ಲ ಎಂದು ಸಾಹೇಬರು ಹೇಳಿದ್ದನ್ನು ತಿಳಿಸಲು ಕರೆದಿದ್ದ. ನನಗೆ ಮೈಯೆಲ್ಲ ಉರಿಯಿತು.

“ನಿನಗೇನಪಾ, ಹೇಳ್ತಿ” ಎಂದೆ. “ಅವತ್ತ ಆಯಿ ನಿನ್ನ ಕೇಳಲಿಲ್ಲ, ನೀ ಕುರ್ಚಿ ಏರಿದಿ. ನನ್ನ ಕೇಳಿದ್ಳು, ನಾ ಬೆಂಚಿನ ಮ್ಯಾಲೇ ಉಳಿದೆ. ಅವತ್ತ ಅದಲು ಬದಲು ಆಗಿದ್ರ, ನೀ ನನಗ ನೀರು ಕೊಡ್ತಿದ್ದಿ.”

ಅವನು ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿ ಬಸಿಯನ್ನು ಕೆಳಗಿಟ್ಟ. “ನನಗೂ ಕೇಳಿದ್ಳಲ್ಲೋ” ಎಂದ.

“ಯಾವಾಗ?”

“ಅವತ್ತೇ. ನಿನಗಿಂತ ಮೊದಲು ನಾನೇ ಹಾದು ಹೋದವ ಅಲ್ಲೇನು? ಎಲ್ಲಿಗಪಾ ಅಂದ್ಳು. ಹುಮನಾಬಾದಕ್ಕ ಆಯಿ, ಪರೀಕ್ಷಿಗಿ ಹೊಂಟೀನಿ ಅಂದೆ. ಛಲೋ ಬರಿ ಅಂದ್ಳು. ಹೋದೆ.”

“ತಿರುಗಿ ಹೋಗಲಿಲ್ಲ?”

“ಬಸ್ ಹೋಗ್ತಿತ್ತಲ್ಲೋ” ಎಂದ, ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ.

ಐದು ವರ್ಷ ನಾನು ಹೊಟ್ಟೆಯಲ್ಲಿ ಸಾಕಿಕೊಂಡಿದ್ದ ನಸೀಬಿನ ಲೆಕ್ಕವನ್ನು ಅವನು ಒಂದು ಬಸಿ ಚಹಾ ಮುಗಿಯುವುದರೊಳಗೆ ಹಾಳುಮಾಡಿದ. ಆ ಸಂಜೆ ಅವನನ್ನು ದ್ವೇಷಿಸಿದಷ್ಟು ನಾನು ಯಾರನ್ನೂ ದ್ವೇಷಿಸಿಲ್ಲ. ಅವನಿಗೆ ಕುರ್ಚಿ ಸಿಕ್ಕಿದ್ದನ್ನು ಹೇಗೋ ತಡೆದುಕೊಂಡಿದ್ದೆ. ಅವನಿಗೂ ನನ್ನಂತೆಯೇ ಅಡ್ಡಿ ಬಂದಿತ್ತು, ಅವನು ಅದನ್ನು ದಾಟಿಹೋದ ಎನ್ನುವುದನ್ನು ತಡೆದುಕೊಳ್ಳಲಾಗಲಿಲ್ಲ. ಚಹಾ ಹಾಗೇ ಬಿಟ್ಟು ಎದ್ದು ಬಂದೆ. ಒಂದು ತಿಂಗಳು ಅವನ ಜೊತೆ ಮಾತು ಬಿಟ್ಟೆ. ಮುಂದಿನ ಫಾರ್ಮನ್ನು ಅವನು ನನ್ನ ಬೆಂಚಿನ ಮೇಲಿಟ್ಟು ಹೋದ. ತುಂಬಿದೆ.

ಆ ಕೊನೆಯ ವರ್ಷ ಪರೀಕ್ಷೆಯ ಹಿಂದಿನ ದಿನ ಹೆಂಡತಿ ಆಯಿಯ ಮನೆಗೆ ಹೋಗಿ, ನಾಳೆ ನನ್ನ ಗಂಡ ಬಂದರೆ ದಯಮಾಡಿ ಬಾಯಿ ತೆರೆಯಬೇಡ ಎಂದು ಮಾತು ತೆಗೆದುಕೊಂಡು ಬಂದಿದ್ದಳು. ನನಗೆ ಹೇಳಿರಲಿಲ್ಲ. ಬೆಳಿಗ್ಗೆ ಹೊರಟೆ. ಎರಡು ಓಣಿ ಕವಲೊಡೆಯುವಲ್ಲಿ ನಿಂತೆ. ಹಿಂದಿನ ಓಣಿ ಒಣಗಿ ಸ್ವಚ್ಛವಾಗಿತ್ತು. ನನ್ನ ಕಾಲು ಮುಂದಿನ ಓಣಿಯ ಕಡೆ ನಡೆದವು.

ಆಯಿ ಕಟ್ಟೆಯ ಮೇಲಿದ್ದಳು. ಸೆರಗಿನ ಚುಂಗನ್ನು ಬಾಯಲ್ಲಿ ತುರುಕಿಕೊಂಡಿದ್ದಳು. ನಾನು ಅವಳ ಮುಂದೆ ಹಾದುಹೋದೆ. ಸದ್ದಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋದವನು ನಿಂತೆ. ಚಪ್ಪಲಿಯ ಉಂಗುಟ ಸರಿಮಾಡಿಕೊಂಡೆ. ಅದು ಸರಿಯಾಗಿಯೇ ಇತ್ತು. ಕೆಮ್ಮಿದೆ. ಆಯಿ ತಲೆ ಅಲ್ಲಾಡಿಸಿದಳು. ಈಗ ಹೋಗಲೇಬೇಕಾಗುತ್ತದೆ, ಹೋದರೆ ಬರೆಯಲೇಬೇಕಾಗುತ್ತದೆ, ಬರೆದು ನಪಾಸಾದರೆ ಅದು ಆಯಿಯದಲ್ಲ, ನನ್ನದೇ ಆಗುತ್ತದೆ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ನಾನು ತಿರುಗಿ ಅವಳ ಹತ್ತಿರ ಬಂದು, “ಆಯಿ, ನಾ ಹೊಂಟೀನಿ” ಎಂದೆ.

ಆಯಿ ಬಾಯಿಂದ ಸೆರಗು ತೆಗೆದಳು. “ಕೇಳಂಗಿಲ್ಲ ಹೋಗು. ನಿನ್ನ ಹೆಂಡ್ತಿಗಿ ಮಾತು ಕೊಟ್ಟೀನಿ.”

ನಾನು ಅಲ್ಲೇ ನಿಂತಿದ್ದೆ.

“ಕಣ್ಣಿಲ್ಲಪಾ ನನಗ, ಕಾಲ್ಸಪ್ಪಳ ಗುರ್ತದ” ಎಂದಳು. “ಮಂದಿ ಕಾಲು ನನ್ನ ಕಟ್ಟಿ ಮುಂದ ಜಲ್ದಿ ಜಲ್ದಿ ಹೋಗ್ತಾವ, ಮುದುಕಿ ಕೇಳ್ಯಾಳು ಅಂತ. ನಿನ್ನ ಕಾಲು ಇಲ್ಲಿ ಬಂದು ನಿಂದರ್ತಾವ. ನಾ ಕೇಳೂತನಾ ನಿಂದರ್ತಾವ. ನೀ ಎದಕ್ಕ ಹೆದರಾಕತ್ತಿ ಅಂತ ಐದು ವರ್ಷಾತು, ನಂಗ ತಿಳಿವಲ್ದು. ನನಗಂತೂ ಅಲ್ಲ.”

ಸಿಟ್ಟು ಬಂತು, ಆದರೆ ಯಾರ ಮೇಲೆ ಎಂದು ತಿಳಿಯಲಿಲ್ಲ. ಆ ಸಿಟ್ಟಿನಲ್ಲೇ ಹೋಗಿ ಬಸ್ಸು ಹತ್ತಿದೆ.

ಬಸ್ಸು ಊರು ಬಿಡುತ್ತಿದ್ದಂತೆ ಕಂಡಕ್ಟರ್ ಟಿಕೀಟು ಹರಿಯಲು ಬಂದ. ಮುಂದೆ ಕುಳಿತ ಮುದುಕನಿಗೆ “ಎಲ್ಲಿಗ್ರಿ?” ಎಂದ. ಅವನು ಕೋರ್ಟಿನ ಕಾಗದ ಎದೆಗೆ ಹಿಡಿದುಕೊಂಡಿದ್ದ. ಮಗಳನ್ನು ದವಾಖಾನೆಗೆ ಕರೆದೊಯ್ಯುತ್ತಿದ್ದ ಹೆಂಗಸಿಗೆ “ಎಲ್ಲಿಗವ್ವಾ?” ಎಂದ. ರೇಷ್ಮೆ ಸೀರೆ ಉಟ್ಟು ಕನ್ಯೆ ನೋಡಲು ಘಾಟಬೋರಾಳಕ್ಕೆ ಹೊರಟಿದ್ದ ಒಂದು ದೊಡ್ಡ ಗುಂಪಿನಲ್ಲಿ ಒಬ್ಬೊಬ್ಬರನ್ನೂ ಕೇಳಿದ. ಹಿಂದಿನ ಓಣಿಯಿಂದ ಆಯಿಯನ್ನು ತಪ್ಪಿಸಿಕೊಂಡು ಬಂದವರನ್ನೆಲ್ಲ ಈ ಮನುಷ್ಯ ದಿನಾ ಇದೇ ಕೇಳುತ್ತಿದ್ದ. ಯಾರೂ ಇಳಿಯಲಿಲ್ಲ. ಯಾರೂ ನೀರು ಕೇಳಲಿಲ್ಲ. ಎಲ್ಲರೂ ಊರ ಹೆಸರು ಹೇಳಿ ಟಿಕೀಟು ಮಡಚಿಕೊಂಡು ಕುಳಿತರು. ನನ್ನ ಮುಂದೆ ಬಂದು “ಎಲ್ಲಿಗ್ರಿ?” ಎಂದ.

“ಹುಮನಾಬಾದಕ್ಕ, ಪರೀಕ್ಷಿಗಿ” ಎಂದೆ. ಧ್ವನಿ ಸ್ವಲ್ಪ ಜೋರಾಯಿತು.

“ಪರೀಕ್ಷಿ ಕೇಳಿಲ್ರಿ ನಾ, ಊರು ಕೇಳೀನಿ” ಎಂದು ಟಿಕೀಟು ಹರಿದು ಕೊಟ್ಟ. ಸುತ್ತಲಿನವರು ನಕ್ಕರು. ನಾನೂ ನಕ್ಕೆ.

ಪಾಸಾದೆ ಎಂದುಕೊಂಡಿರಾ? ಗಣಿತದಲ್ಲಿ ನಪಾಸಾದೆ. ಉಳಿದದ್ದೆಲ್ಲ ದಾಟಿತ್ತು. ಆ ಮಾರ್ಕ್ಸ್ ಕಾರ್ಡನ್ನು ಹೆಂಡತಿಗೆ ಹೆಮ್ಮೆಯಿಂದ ತೋರಿಸಿದೆ, ಅವಳು ನನಗೆ ತಲೆ ಕೆಟ್ಟಿದೆ ಎಂದುಕೊಂಡಳು. ಐದು ವರ್ಷ ಹೊಸ್ತಿಲಲ್ಲಿ ನಪಾಸಾಗಿದ್ದವನು ಮೊದಲ ಸಲ ಪರೀಕ್ಷೆಯಲ್ಲಿ ನಪಾಸಾಗಿದ್ದೆ. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿದೆ. ಗಣಿತ ಕಲಿಸಲು ದೋಸ್ತನೇ ದಿನಾ ಸಂಜೆ ಮನೆಗೆ ಬಂದ. ಅವನು ಬೀಜಗಣಿತವನ್ನು ಸಲೀಸಾಗಿ ಬಿಡಿಸುವುದನ್ನು ನೋಡಿ ಆಗಲೂ ನನಗೆ ಹೊಟ್ಟೆ ಉರಿಯಿತು. ಉರಿಯುತ್ತಲೇ ಕಲಿತೆ. ಆ ಸಲ ಮುಂದಿನ ಓಣಿಯಿಂದಲೇ ಹೋದೆ, ಆಯಿ ಮಾತು ಮರೆತು ಎಲ್ಲಿಗಪಾ ಎಂದಳು, ಹೇಳಿ ಹೋದೆ. ಪಾಸಾದೆ. ಪಟ್ಟಿ ಮುಚ್ಚುವ ಮೊದಲು ನನ್ನ ಹೆಸರು ಅದರಲ್ಲಿ ಸೇರಿತು.

ನನಗೆ ಕುರ್ಚಿ ಕೊಟ್ಟದ್ದು ದೋಸ್ತನ ಪಕ್ಕದಲ್ಲೇ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು. ಅವನಿಗಿಂತ ಎತ್ತರ ಕಾಣಲಿ ಎಂದು ದಪ್ಪ ದಿಂಬು ಹೊಲಿಸಿಕೊಂಡು ಹೋಗಿದ್ದೆ. ಬಾಗಿಲ ಪಕ್ಕದ ಬೆಂಚಿನ ಮೇಲೆ ನನ್ನ ಜಾಗಕ್ಕೆ ಬಂದ ಹೊಸ ಚಪರಾಸಿ ಕುಳಿತಿದ್ದ. ನಾನು ಕುರ್ಚಿಯಲ್ಲಿ ಕಾಲು ಚಾಚಿ, ಬೆನ್ನು ಒರಗಿಸಿ, ಆರು ವರ್ಷ ಈ ದೋಸ್ತ ಹೇಗೆ ಕುಳಿತಿದ್ದನೆಂದು ನಾನು ಎಣಿಸಿಕೊಂಡಿದ್ದೆನೋ ಹಾಗೆ ಕುಳಿತುಕೊಂಡೆ.

ಒಳಗೆ ಸಾಹೇಬರ ಗಂಟೆ ಟಿಣ್ ಎಂದಿತು.

ನಾನು ಎದ್ದು ನಿಂತಿದ್ದೆ. ನಿಂತ ಮೇಲೆ ಗೊತ್ತಾಯಿತು, ಈ ಗಂಟೆ ನನ್ನದಲ್ಲ ಎಂದು. ಯಾರಾದರೂ ನೋಡಿದರೇನೋ ಎಂದು ನಾಚಿಕೆಯಿಂದ ಪಕ್ಕಕ್ಕೆ ತಿರುಗಿದೆ. ದೋಸ್ತನೂ ಕುರ್ಚಿಯ ಕೈಗೆ ಕೈ ಊರಿ ಅರ್ಧ ಎದ್ದಿದ್ದ. ಇಷ್ಟು ವರ್ಷ ಗಂಟೆ ಬಾರಿಸಿದೊಡನೆ ನಾನು ಅವನಿಗೆ ಬೆನ್ನು ಮಾಡಿ ಸಾಹೇಬರ ಕೋಣೆಗೆ ಓಡುತ್ತಿದ್ದವನು, ಇದನ್ನು ಎಂದೂ ನೋಡಿರಲಿಲ್ಲ. ಅವನು ಮೆಲ್ಲಗೆ ಮತ್ತೆ ಕೂತು, ನನ್ನ ಅಂಗಿಯ ತುದಿ ಹಿಡಿದು ಕೆಳಗೆ ಎಳೆದ.

“ಕೂಡೋ ದೋಸ್ತ” ಎಂದ. “ಆರು ವರ್ಷಾತು, ನಂದೂ ಇನ್ನಾ ಹೋಗಿಲ್ಲ.”

ನಾನು ಕುಳಿತೆ. ಆರು ವರ್ಷ ನಾನು ಹೊಟ್ಟೆ ಸುಟ್ಟುಕೊಂಡದ್ದು ಈ ಮನುಷ್ಯ ಈ ಕುರ್ಚಿಯಲ್ಲಿ ಆರಾಮಾಗಿ ಕುಳಿತಿದ್ದಾನೆ ಎಂದು.